ಶಾಲೆ ಮಕ್ಕಳ ಲ್ಯಾಪ್‌ಟಾಪ್: ಮೊದಲು ಹಿಂಜ್ ನೋಡಿ, ಆಮೇಲೆ ಪ್ರೊಸೆಸರ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲೂ ಠಾಣೆ, ಕಲ್ಯಾಣದ ನೆಂಟರ ಮನೆಗಳಲ್ಲೂ ನಾನು ಕೊಡಿಸಿದ ಹಳೆಯ ಆಫೀಸ್ ಲ್ಯಾಪ್‌ಟಾಪ್‌ಗಳು ಈಗ ಹದಿನೈದಿಪ್ಪತ್ತು ಓಡುತ್ತಿವೆ. ಮೊದಲು ತಂದವು ಮೂರು ಮಳೆಗಾಲ ದಾಟಿದವು. ಒಂದರ ಹಿಂಜೂ (ಮುಚ್ಚಳದ ಕೀಲು) ಮುರಿದಿಲ್ಲ. ಶುರುವಿನಲ್ಲಿ ನಮ್ಮ ಭಾವ, "ಮಕ್ಕಳ ಕೈಗೆ ಸೆಕೆಂಡ್‌ಹ್ಯಾಂಡ್ ಕೊಡುದಾ ಮಾರಾಯ? ಆರು ತಿಂಗಳಲ್ಲಿ ಗುಜರಿಗೆ ಹೋಗ್ತದೆ ನೋಡು" ಅಂದಿದ್ದರು. ಕಳೆದ ಜೂನಿನಲ್ಲಿ ಅವರ ಮಗಳಿಗೂ ನಾನೇ ತಂದುಕೊಟ್ಟೆ.

ನನ್ನ ಟೇಬಲ್ಲಿಗೆ ಬರುವ ಮಕ್ಕಳ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಕಾಯಿಲೆಯವು. ಮೂವತ್ತು ಸಾವಿರದೊಳಗಿನ ಹೊಸ ಮಾಲು, ಒಳಗೆ ಪ್ಲಾಸ್ಟಿಕ್ ಬುಡದಲ್ಲಿ ಹಿಂಜ್ ಹಿಡಿಯುವ ಹಿತ್ತಾಳೆ ನಟ್ಟು. ಹಿಂಜ್ ಸ್ವಲ್ಪ ಬಿಗಿಯಾಯಿತೋ, ತೆರೆದಾಗಲೆಲ್ಲ ಆ ಎಳೆತ ಪ್ಲಾಸ್ಟಿಕ್ಕಿನ ಮೇಲೆ. ವರ್ಷ ಒಂದೂವರೆ ವರ್ಷಕ್ಕೆ ನಟ್ಟು ಬುಡಸಮೇತ ಕಿತ್ತು ಬರುತ್ತದೆ. ಇದಕ್ಕೆ ಎಪಾಕ್ಸಿ ಅಂಟು ಹಾಕಿ ನೋಡಿದೆ, ಎರಡು ತಿಂಗಳು ನಿಂತಿತು. ಸೂಪರ್‌ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿ ನೋಡಿದೆ, ಕಲ್ಲಿನಂತೆ ಗಟ್ಟಿಯಾಯಿತು, ಪಕ್ಕದ ಪ್ಲಾಸ್ಟಿಕ್ ಸೀಳಿತು. ಕವರ್ ತೂತು ಮಾಡಿ ಆಚೆಯಿಂದ ಬೋಲ್ಟ್ ಕೊಟ್ಟದ್ದು ಮಾತ್ರ ಉಳಿಯಿತು, ಆದರೆ ಹೈಸ್ಕೂಲ್ ಹುಡುಗಿ ಅದನ್ನು ಕ್ಲಾಸಿಗೆ ಒಯ್ಯಲು ಒಪ್ಪಲಿಲ್ಲ. ಕೊನೆಗೆ ಹಿಂಜ್ ಕೂರುವ ಪೂರ್ತಿ ಪ್ಯಾನಲ್ ಬದಲಿಸಿದರೆ ನಾಲ್ಕು ಸಾವಿರದ ಹತ್ತಿರ. ಎರಡು ಸಲ ಬದಲಿಸಿದವರೂ ಇದ್ದಾರೆ. ಆ ದುಡ್ಡಿಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್), ಬ್ಯಾಟರಿ ಎರಡೂ ಹೊಸದು ಬರುತ್ತಿತ್ತು ಅಂತ ಹೊಟ್ಟೆ ಉರಿಯುತ್ತದೆ. ಇನ್ನು 64 ಜಿಬಿ ಇಎಂಎಂಸಿ (ಡಿಸ್ಕಿನ ಬದಲು ಬೆಸೆದ ಅಗ್ಗದ ಸಂಗ್ರಹ ಚಿಪ್), ಬೋರ್ಡಿಗೇ ಬೆಸೆದ 4 ಜಿಬಿ ರ‍್ಯಾಮ್ ಇರುವವನ್ನು ಯಾರೂ ಮಕ್ಕಳಿಗೆ ಕೊಡಬಾರದು. ಒಂದೆರಡು ವಿಂಡೋಸ್ ಅಪ್‌ಡೇಟಿಗೇ ಉಸಿರುಗಟ್ಟುತ್ತದೆ, ಏನು ಹೆಚ್ಚಿಸಲಿಕ್ಕೂ ಜಾಗವಿಲ್ಲ.

ಹಾಗಾಗಿ ಕಂಪನಿಗಳು ಲೀಸ್ ಮುಗಿದು ಬಿಡುವ ಬಿಸಿನೆಸ್ ಮಾಡೆಲ್‌ಗಳಿಗೆ ಬಂದೆ. ನನ್ನ ಲೆಕ್ಕದಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಟಿ480, ಡೆಲ್‌ನ ಲ್ಯಾಟಿಟ್ಯೂಡ್ 5490, ಎಚ್‌ಪಿಯ ಎಲೈಟ್‌ಬುಕ್ 840 ಜಿ5, ಇವು ಮೂರೂ ಮಕ್ಕಳಿಗೆ ಹೇಳಿ ಮಾಡಿಸಿದಂಥವು. ಮೂರರಲ್ಲೂ ಇಂಟೆಲ್ 8ನೇ ಪೀಳಿಗೆಯ ಪ್ರೊಸೆಸರ್ ಸಿಗುತ್ತದೆ, ರ‍್ಯಾಮಿಗೆ ಎರಡು ಸ್ಲಾಟ್. 8ನೇ ಪೀಳಿಗೆಯೇ ಯಾಕೆಂದರೆ ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿ ಹೆಚ್ಚುಕಡಿಮೆ ಅಲ್ಲಿಂದ ಶುರು, ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ಕ್ಕೆ ಬೆಂಬಲ ಮುಗಿಯಿತು. ಟಿ480 ಜೊತೆಯಲ್ಲೇ ಟಿ480ಎಸ್ ಅಂತ ತೆಳ್ಳಗಿನದು ಇರುತ್ತದೆ, ಅದರಲ್ಲಿ ರ‍್ಯಾಮ್ ಸ್ಲಾಟ್ ಒಂದೇ, ಉಳಿದದ್ದು ಬೆಸೆದದ್ದು. ಅವಸರದಲ್ಲಿ ಅಂಗಡಿಯವ ಅದನ್ನೇ ಇದು ಅಂತ ಕೊಟ್ಟುಬಿಡುತ್ತಾನೆ. ಟಿ480ರ ಇನ್ನೊಂದು ಸುಖ, ಒಳಗೊಂದು ಹೊರಗೊಂದು ಬ್ಯಾಟರಿ. ಯಂತ್ರ ಆಫ್ ಮಾಡದೆ ಹೊರಗಿನದನ್ನು ಬದಲಿಸಬಹುದು. ತರಗತಿಯಲ್ಲಿ ಪ್ಲಗ್ ಪಾಯಿಂಟ್ ಇಲ್ಲದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಮಿಲಿಟರಿ ದರ್ಜೆ ಅಂತ ಪೆಟ್ಟಿಗೆ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ. ಮಿಲ್-ಎಸ್‌ಟಿಡಿ-810 ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕ್ರಮ, ಅದಕ್ಕೆ ಸರ್ಟಿಫಿಕೇಟ್ ಕೊಡುವ ಕಚೇರಿ ಅಂತ ಇಲ್ಲ. ಯಾವ ಪರೀಕ್ಷೆ ಮಾಡಬೇಕು ಅನ್ನುವುದನ್ನು ತಯಾರಕರೇ ಆರಿಸಿಕೊಳ್ಳುತ್ತಾರೆ.

ನಮ್ಮಲ್ಲಿ ನಿಜವಾದ ಪರೀಕ್ಷೆ ಬೆಳಗಿನ ಫಾಸ್ಟ್ ಲೋಕಲ್ ರೈಲು. ಇದಕ್ಕೆ ನಾನೇ ಒಂದು ಪ್ರಯೋಗ ಮಾಡಿದೆ. ಕೀಗಳ ಮೇಲೆ ಚಾಕ್ ಪುಡಿ ತೆಳ್ಳಗೆ ಸವರಿ, ಮುಚ್ಚಿ, ಪುಸ್ತಕ ತುಂಬಿದ ಬ್ಯಾಗಿನಲ್ಲಿಟ್ಟು ಡೊಂಬಿವಲಿಯಿಂದ ದಾದರಿಗೆ ನಿಂತುಕೊಂಡೇ ಹೋಗುವುದು. ಇಳಿದು ತೆರೆದರೆ ಅಗ್ಗದ ಪ್ಲಾಸ್ಟಿಕ್ ಮುಚ್ಚಳದವುಗಳ ಪರದೆ ಮೇಲೆ ಕೀಬೋರ್ಡಿನ ಚೌಕಗಳೆಲ್ಲ ಅಚ್ಚಾಗಿದ್ದವು. ಅಂದರೆ ಮುಚ್ಚಳ ಅಷ್ಟು ಬಾಗಿದೆ. ಟಿ480ರಲ್ಲಿ ಅಂಚಿನಲ್ಲಿ ಸ್ವಲ್ಪ ಬಿಟ್ಟರೆ ಏನೂ ಇಲ್ಲ. 15.6 ಇಂಚಿನವು ಎಲ್ಲವೂ 14ಕ್ಕಿಂತ ಹೆಚ್ಚು ಬಾಗಿದವು, ಅಂದಿನಿಂದ ಮಕ್ಕಳಿಗೆ 14ರ ಮೇಲೆ ಕೊಡಿಸುವುದಿಲ್ಲ.

ಕೊಳ್ಳುವುದು ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ. ಯಾವ ಗಲ್ಲಿ, ಯಾವ ಅಂಗಡಿ ಅನ್ನುವುದನ್ನು ಹೇಳುವುದಿಲ್ಲ, ಮುಂದಿನ ಲಾಟ್ ನನಗೂ ಬೇಕು. ಬ್ಯಾಟರಿಯ ಸವೆತ ತೋರಿಸುವ ಪವರ್‌ಸಿಎಫ್‌ಜಿ ಬ್ಯಾಟರಿ ರಿಪೋರ್ಟ್, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ನೀವು ಹೇಗೂ ನೋಡುತ್ತೀರಿ. ಬಹಳ ಜನ ನೋಡದೆ ಬಿಡುವುದು ಹಳೆ ಕಂಪನಿ ಹಾಕಿದ ಲಾಕ್. ಬಯಾಸ್ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಇಲ್ಲ ಅಂತ ಖುಷಿಪಟ್ಟು ಮನೆಗೆ ತಂದು, ರೀಸೆಟ್ ಮಾಡಿ ವೈಫೈ ಕೊಟ್ಟ ಕೂಡಲೇ ಹಳೆ ಕಂಪನಿಯ ಲಾಗಿನ್ ಪುಟ ಬರುತ್ತದೆ. ಅಂಗಡಿಯವರು ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿಟ್ಟಿರುವುದರಿಂದ ಅಲ್ಲಿ ಅದು ಕಾಣುವುದೇ ಇಲ್ಲ. ಅದಕ್ಕೇ ನಾನು ಅಂಗಡಿಯಲ್ಲೇ ಕೂತು ರೀಸೆಟ್ ಹಾಕಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಡೆಸ್ಕ್‌ಟಾಪ್ ಬಂದ ಮೇಲೆಯೇ ದುಡ್ಡು ಎಣಿಸುವುದು. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಹಿಂಜಿಗೆ ನನ್ನದೊಂದು ಕೈಲೆಕ್ಕ ಇದೆ, ಮುಚ್ಚಳವನ್ನು ಒಂದೇ ಮೂಲೆಯಿಂದ ನಿಧಾನ ಎತ್ತಿದಾಗ ಇನ್ನೊಂದು ಮೂಲೆ ಜೊತೆಗೇ ಏಳಬೇಕು. ಬ್ಯಾಟರಿ ಅಸಲಿಯೋ ಅಲ್ಲವೋ ತಿಳಿಯುವ ಗುರುತೂ ಒಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಖರ್ಚು ನೆನಪಿನಿಂದ ಹೇಳುವುದಾದರೆ, ಯಂತ್ರ 17-18 ಸಾವಿರ, ಬ್ಯಾಟರಿ ಮೂರರ ಆಸುಪಾಸು, ರ‍್ಯಾಮ್ ಹೆಚ್ಚಿಸಿದ್ದಕ್ಕೆ ಒಂದೂವರೆ, ಪ್ರೊಸೆಸರಿನ ಬಿಸಿ ಎಳೆಯುವ ಥರ್ಮಲ್ ಪೇಸ್ಟು, ಒರೆಸುವ ಐಪಿಎ ಆಲ್ಕೊಹಾಲ್, ರೈಲು, ಚಹಾ ಎಲ್ಲ ಸೇರಿ 23 ದಾಟಲಿಲ್ಲ. ಟೈಪ್-ಸಿ 65 ವ್ಯಾಟ್ ಚಾರ್ಜರ್ ಮೂರೂ ಮಾಡೆಲಿಗೆ ನಡೆಯುತ್ತದೆ, ಹಾಗಾಗಿ ಅಣ್ಣ ತಂಗಿ ಇಬ್ಬರಿರುವ ಮನೆಗೆ ಒಂದು ಸಾಕು.

ಮಳೆಗಾಲದ ಮಾತೂ ಹೇಳಬೇಕು, ಮಹಾರಾಷ್ಟ್ರದಲ್ಲಿ ಶಾಲೆಯೂ ಮಳೆಯೂ ಜೂನಿನಲ್ಲಿ ಒಟ್ಟಿಗೇ ಶುರು. ಸಿಲಿಕಾ ಜೆಲ್ ಪೊಟ್ಟಣ ಬ್ಯಾಗಿನಲ್ಲಿಟ್ಟು ನೋಡಿದೆ, ಒಂದು ವಾರಕ್ಕೇ ತೇವ ಕುಡಿದು ಸೋಲುತ್ತದೆ. ದಿನಕ್ಕೊಂದು ಗಂಟೆ ಯಂತ್ರ ಓಡಿಸಿದರೆ ಒಳಗಿನ ಬಿಸಿಯೇ ಕಾಯುತ್ತದೆ. ರಜೆಯಲ್ಲಿ ಊರಿಗೆ ಹೋಗುವಾಗ ಕಪಾಟಿನಲ್ಲಿ ಮುಚ್ಚಿಟ್ಟ ಒಂದರ ಕೀಬೋರ್ಡ್ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿತ್ತು, ದಿನಾ ರೈಲಿನಲ್ಲಿ ಒದ್ದಾಡಿದವಕ್ಕೆ ಏನೂ ಆಗಿಲ್ಲ.

ಈಗ ಈ ಯಂತ್ರಗಳಿಗೆ ಹಾಕುವ ಡಿಡಿಆರ್4 ರ‍್ಯಾಮ್ ದರ ಏರಿದೆ. ಬೇರೆ ಕೊಂಡು ಹಾಕುವ ಬದಲು 16 ಜಿಬಿ ಇರುವ ಯಂತ್ರವನ್ನೇ ಹುಡುಕುತ್ತಿದ್ದೇನೆ. ನೀವೂ ಮೇ ಮೊದಲ ವಾರದೊಳಗೆ ಮುಗಿಸಿಬಿಡಿ, ಶಾಲೆ ತೆರೆಯುವ ಹೊತ್ತಿಗೆ ಅದೇ ಮಾಲಿಗೆ ಎರಡು ಸಾವಿರ ಮೇಲೆ ಹೇಳುತ್ತಾರೆ.