ಊರಿನ ಕಲಾವಿದರಿಗೂ ಕಲಾಪೋಷಕರಿಗೂ ಪ್ರಶಸ್ತಿ ನೀಡುವ ಕ್ರಮ: ಸಣ್ಣ ಸಂಘಗಳಿಗೊಂದು ಕೈಪಿಡಿ

ಯುವಕ ಮಂಡಲವಾಗಲಿ, ಯಕ್ಷಗಾನ ಸಂಘವಾಗಲಿ, ಉತ್ಸವ ಸಮಿತಿಯಾಗಲಿ, ವರ್ಷಕ್ಕೊಮ್ಮೆ ಒಬ್ಬಿಬ್ಬರು ಕಲಾವಿದರನ್ನು ಗೌರವಿಸಬೇಕೆಂದು ಸಭೆ ಸೇರಿದಾಗ ಮೊದಲು ಮಾತಿಗೆ ಬರುವುದು ಶಾಲು, ಹಾರ, ಫಲಕ ಮತ್ತು ಮುಖ್ಯ ಅತಿಥಿ. ಕರಾವಳಿಯ ಒಂದು ತಾಲೂಕಿನಲ್ಲಿ ಇಂಥ ಸಮಿತಿಗಳ ಜೊತೆ ಹಲವು ವರ್ಷ ಓಡಾಡಿದ ಮೇಲೆ ನಾನು ಕಂಡುಕೊಂಡ ಕ್ರಮ ಬೇರೆ. ಯಾರಿಗೆ, ಅವರ ಯಾವ ಕೆಲಸಕ್ಕಾಗಿ ಈ ಗೌರವ ಎಂಬುದನ್ನು ಒಂದೇ ವಾಕ್ಯದಲ್ಲಿ ಮೊದಲು ಬರೆದುಕೊಳ್ಳಬೇಕು. ಆ ವಾಕ್ಯ ಸಲೀಸಾಗಿ ಬಂದರೆ ಹಣ, ದಿನಾಂಕ, ವೇದಿಕೆ ಎಲ್ಲವನ್ನೂ ಅದೇ ತೀರ್ಮಾನಿಸಿಕೊಡುತ್ತದೆ. ಬರದಿದ್ದರೆ ಆಯ್ಕೆಯನ್ನೇ ಮತ್ತೊಮ್ಮೆ ನೋಡಬೇಕು.

ಊರಿನ ಪ್ರಶಸ್ತಿಗೆ ಅದರದೇ ಆದ ಕೆಲಸವಿದೆ. ಸರ್ಕಾರ 1966ರಿಂದ ಕೊಡುತ್ತ ಬಂದಿರುವ ರಾಜ್ಯೋತ್ಸವ ಪ್ರಶಸ್ತಿಗೆ 2024ರಲ್ಲಿ ಎಲ್ಲ ಕ್ಷೇತ್ರಗಳೂ ಸೇರಿ 69 ಮಂದಿ ಆಯ್ಕೆಯಾದರು. ಯಕ್ಷಗಾನ, ಬಯಲಾಟ, ಜಾನಪದ, ನಾಟಕ ಅಕಾಡೆಮಿಗಳು ಪ್ರತಿವರ್ಷ ಗೌರವಿಸಬಲ್ಲವರ ಸಂಖ್ಯೆಯೂ ಚಿಕ್ಕದು. ಇಡೀ ರಾಜ್ಯವನ್ನು ನೋಡಬೇಕಾದವರ ಕಣ್ಣು ಪ್ರತಿ ಗ್ರಾಮದ ಮೇಲೆ ಬೀಳುವಷ್ಟರಲ್ಲಿ ಬಹಳ ತಡವಾಗುತ್ತದೆ. ಅಂಕೋಲಾ ಬಳಿಯ ಬಡಿಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಸುಮಾರು ಎಂಬತ್ತರ ವಯಸ್ಸಿನಲ್ಲಿ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಸಂದಾಗ ಅವರು ತೊಂಬತ್ತು ದಾಟಿದ್ದರು. ದಿಲ್ಲಿ ಗುರುತಿಸುವ ಎಷ್ಟೋ ವರ್ಷ ಮೊದಲೇ ನೆರೆಹೊರೆಯವರಿಗೆ ಗೊತ್ತಿರುವ ಸಂಗತಿಯನ್ನು ಬಹಿರಂಗವಾಗಿ ಹೇಳುವ ಅವಕಾಶ ಊರಿನ ಸಂಘಕ್ಕಿದೆ. ಆದ್ದರಿಂದ ಎಪ್ಪತ್ತು ದಾಟಿದವರನ್ನು ಮಾತ್ರ ಗೌರವಿಸುವ ವಾಡಿಕೆಯನ್ನು ಸಡಿಲಿಸಿ, ಕಲೆಯಲ್ಲಿ ಪಕ್ವಗೊಂಡು ಇನ್ನೂ ಗಟ್ಟಿಯಾಗಿ ದುಡಿಯುತ್ತಿರುವ ನಲವತ್ತು ಐವತ್ತರ ಪ್ರಾಯದವರನ್ನೂ ಪರಿಗಣಿಸಬೇಕೆಂದು ನನ್ನ ಆಗ್ರಹ.

ಎಷ್ಟು ಪ್ರಶಸ್ತಿ ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡು, ಹೆಚ್ಚೆಂದರೆ ಮೂರು. ಒಂದೇ ಸಂಜೆ ಹನ್ನೆರಡು ಮಂದಿಯನ್ನು ಸಾಲಾಗಿ ಕೂರಿಸಿ ಶಾಲು ಹೊದಿಸಿದರೆ ಮರುದಿನ ಬೆಳಿಗ್ಗೆ ಊರಿಗೆ ಒಬ್ಬರ ಹೆಸರೂ ನೆನಪಿರುವುದಿಲ್ಲ. ಒಂದು ಪ್ರಶಸ್ತಿ ರಂಗದ ಮೇಲೆ ಕಾಣಿಸಿಕೊಳ್ಳುವ ಕಲಾವಿದರಿಗೆ, ಇನ್ನೊಂದು ನೇಪಥ್ಯದವರಿಗೆ ಅಥವಾ ಪೋಷಕರಿಗೆ ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನು ಕಟ್ಟಿಕೊಡುವವರನ್ನು ಹತ್ತಿರದಿಂದ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಬಟ್ಟೆಯನ್ನು ಸುತ್ತಿ ಎಳೆಯುವಾಗ ಬಿಗಿ ಹೆಚ್ಚಾದರೆ ವೇಷಧಾರಿಗೆ ಬೆಳಗಿನ ತನಕ ತಲೆನೋವು, ಕಡಿಮೆಯಾದರೆ ರಂಗದಲ್ಲಿ ಗಿರಕಿ ಹೊಡೆಯುವಾಗ ಮುಂದಲೆ ಓರೆಯಾಗುತ್ತದೆ. ಆ ಹದ ಅವರ ಬೆರಳುಗಳಿಗೆ ಗೊತ್ತು, ಆದರೆ ಅವರ ಹೆಸರು ಕರಪತ್ರದಲ್ಲಿ ಇರುವುದಿಲ್ಲ. ಮದ್ದಳೆಗೆ ಚರ್ಮದ ಮುಚ್ಚಿಗೆ ಹಾಕುವವರು, ನಾಟಕದ ಪರದೆ ಬರೆಯುವವರು, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕೋಲಾಟವನ್ನೋ ಡೊಳ್ಳನ್ನೋ ಕಲಿಸಿದ ಮೇಷ್ಟ್ರು, ಇವರೆಲ್ಲ ಈ ಸಾಲಿಗೆ ಸೇರುತ್ತಾರೆ.

ಪೋಷಕರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಲಾಪೋಷಕ ಪ್ರಶಸ್ತಿಯು ಚಂದಾ ಕೊಟ್ಟವರಿಗೆ ಕೊಡುವ ರಸೀದಿಯಂತೆ ಆಗಿಬಿಟ್ಟರೆ ಅದರ ಬೆಲೆ ಮಾತ್ರವಲ್ಲ, ಪಕ್ಕದಲ್ಲಿ ಕೂತ ಕಲಾವಿದರ ಪ್ರಶಸ್ತಿಯ ಬೆಲೆಯೂ ಇಳಿಯುತ್ತದೆ. ಈ ವರ್ಷದ ಕಾರ್ಯಕ್ರಮಕ್ಕೆ ಹಣ ಕೊಟ್ಟವರು ಈ ವರ್ಷದ ಪ್ರಶಸ್ತಿಗೆ ಅರ್ಹರಲ್ಲ ಎಂಬ ನಿಯಮವನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ದುಡ್ಡು ಕೊಡಲಾಗದೆ ಇದ್ದರೂ ಕಲೆಯನ್ನು ಸಾಕಿದವರು ಪ್ರತಿ ಊರಿನಲ್ಲೂ ಇದ್ದಾರೆ. ಇಪ್ಪತ್ತು ವರ್ಷ ತಮ್ಮ ಮನೆಯ ಚಾವಡಿಯನ್ನೇ ಅಭ್ಯಾಸಕ್ಕೆ ಬಿಟ್ಟುಕೊಟ್ಟವರು, ಕೊಯ್ಲು ಮುಗಿದ ಗದ್ದೆಯನ್ನು ಬಾಡಿಗೆ ಕೇಳದೆ ಯಕ್ಷಗಾನದ ಆಟಕ್ಕೆ ಕೊಟ್ಟವರು, ಮೇಳ ಬಂದ ರಾತ್ರಿ ನಲವತ್ತು ಜನಕ್ಕೆ ಅಡುಗೆ ಮಾಡಿ ಬಡಿಸಿದ ಮನೆಯ ಹೆಂಗಸರು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಮುಂದೆ ದೊಡ್ಡ ಹೆಸರು ಮಾಡಿತು, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಹಳ್ಳಿಯೊಂದರಲ್ಲಿ ರಂಗಭೂಮಿ ನಿಲ್ಲಬೇಕಾದರೆ ಇಂಥ ಹೆಸರಿಲ್ಲದ ಕೈಗಳು ಬೇಕೇ ಬೇಕು.

ಆಯ್ಕೆಗೆ ಐದು ಜನರ ಸಮಿತಿ ಸಾಕು. ಅವರಲ್ಲಿ ಇಬ್ಬರಾದರೂ ಆ ಕಲೆಯ ಒಳಹೊರಗು ಬಲ್ಲವರಾಗಿರಬೇಕು, ಒಬ್ಬರಾದರೂ ಮಹಿಳೆಯಾಗಿರಬೇಕು, ಒಬ್ಬರು ಸಂಘಕ್ಕೆ ಹೊರಗಿನವರಾದರೆ ಇನ್ನೂ ಉತ್ತಮ. ಸಮಿತಿಯವರ ಮನೆಯವರ ಹೆಸರು ಬಂದಾಗ ಅವರು ಆ ದಿನ ಸಭೆಯಿಂದ ಎದ್ದು ಹೋಗಬೇಕು. ಕಲಾವಿದರಿಂದ ಅರ್ಜಿ ಹಾಕಿಸಿಕೊಳ್ಳಬೇಡಿ. ನನ್ನನ್ನು ಗೌರವಿಸಿ ಎಂದು ಕೇಳಿಕೊಳ್ಳುವ ಸ್ಥಿತಿಗೆ ಹಿರಿಯರನ್ನು ತರುವುದು ಸರಿಯಲ್ಲ, ನಿಜವಾಗಿ ಅರ್ಹರಾದವರು ಬಹುಪಾಲು ಕೇಳುವುದೂ ಇಲ್ಲ. ಅದರ ಬದಲು ಊರವರಿಂದ ಹೆಸರು ಸೂಚಿಸಲು ಕೇಳಿ: ಹಾಲಿನ ಡೇರಿ, ಗ್ರಂಥಾಲಯ, ದೇವಸ್ಥಾನದ ಬಾಗಿಲು, ವಾಟ್ಸಾಪ್ ಗುಂಪು, ಇವುಗಳಲ್ಲಿ ಒಂದು ತಿಂಗಳು ಮೊದಲೇ ಸೂಚನೆ ಹಾಕಿ, ಹೆಸರಿನ ಜೊತೆ ಆ ವ್ಯಕ್ತಿ ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ಬರೆದುಕೊಡುವಂತೆ ಹೇಳಿ. ಬಂದ ಹೆಸರುಗಳನ್ನು ನೋಡುವಾಗ ಕೇರಿ, ಜಾತಿ, ಪಕ್ಷ ಇವುಗಳ ಲೆಕ್ಕ ಒಳಗೆ ನುಸುಳುವುದನ್ನು ತಡೆಯಬೇಕು. ಅದರಷ್ಟೇ ಮುಖ್ಯವಾಗಿ, ಐದು ವರ್ಷದ ಪಟ್ಟಿಯನ್ನು ಮುಂದಿಟ್ಟುಕೊಂಡಾಗ ಒಂದೇ ಕೇರಿಯ, ಒಂದೇ ಸಮುದಾಯದ ಹೆಸರುಗಳು ಮಾತ್ರ ಕಂಡರೆ ನಾವು ಯಾವ ಬೀದಿಗೆ ಹೋಗಿಯೇ ಇಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಆಯ್ಕೆಯಾದವರ ಮನೆಗೆ ಇಬ್ಬರು ಹೋಗಿ, ಒಪ್ಪಿಗೆ ಕೇಳಿ, ಆಮೇಲಷ್ಟೇ ಹೆಸರು ಪ್ರಕಟಿಸಿ. ಫೋನಿನಲ್ಲಿ ಮುಗಿಸಬೇಡಿ. ಆ ಭೇಟಿಯಲ್ಲಿಯೇ ಕೆಲವು ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ ತಿಳಿಯಬೇಕು. ಮೆಟ್ಟಿಲು ಹತ್ತಲು ಮೊಣಕಾಲಿನ ತೊಂದರೆ ಇದೆಯೇ, ಜೊತೆಗೆ ಯಾರು ಬರುತ್ತಾರೆ, ರಾತ್ರಿ ಊಟದ ಹೊತ್ತು ಯಾವುದು? ದಂಪತಿಯನ್ನು ಒಟ್ಟಿಗೆ ಕೂರಿಸಿ ಸನ್ಮಾನಿಸುವ ವಾಡಿಕೆ ನಮ್ಮಲ್ಲಿದೆ. ಒಂಟಿಯಾಗಿರುವವರಿಗೆ, ಗಂಡನನ್ನು ಕಳೆದುಕೊಂಡ ಕಲಾವಿದೆಗೆ ಅದೇ ವಾಡಿಕೆ ವೇದಿಕೆಯ ಮೇಲೆ ನೋವಾಗಬಹುದು. ಕುಂಕುಮದ ತಟ್ಟೆ ಹಿಡಿದು ಬಂದವರು ನಡುವೆ ಗೊಂದಲಗೊಂಡು ನಿಂತದ್ದನ್ನೂ, ಆ ಕಲಾವಿದೆ ತಲೆ ತಗ್ಗಿಸಿದ್ದನ್ನೂ ನಾನು ಒಮ್ಮೆ ಕಂಡಿದ್ದೇನೆ. ಮೊದಲೇ ಮಾತಾಡಿಕೊಂಡಿದ್ದರೆ ಅದು ಆಗುತ್ತಿರಲಿಲ್ಲ.

ದಿನಾಂಕವನ್ನು ಕಲಾವಿದರ ದುಡಿಮೆಯ ಕಾಲ ನೋಡಿ ನಿಶ್ಚಯಿಸಬೇಕು. ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ಪತ್ತನಾಜೆಯ (ತುಳುನಾಡಿನಲ್ಲಿ ಆಟ, ಉತ್ಸವಗಳು ಮುಗಿಯುವ ದಿನ) ಸುಮಾರಿಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಜನವರಿಯ ಒಂದು ಸಂಜೆಗೆ ಮೇಳದ ಕಲಾವಿದರನ್ನು ಕರೆದರೆ ಅವರು ಆಟ ತಪ್ಪಿಸಬೇಕು, ಇಲ್ಲವೇ ಶಾಲು ಹೊದ್ದ ಮರುಗಳಿಗೆಯಲ್ಲಿ ಬಣ್ಣ ಹಚ್ಚಲು ಓಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅವರು ಊರಿನಲ್ಲಿರುತ್ತಾರೆ, ಆದಾಯ ಕಡಿಮೆಯಿರುತ್ತದೆ. ಕೆಲವರು ನಾಲ್ಕಾರು ಜನರ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿರುತ್ತಾರೆ. ಗೌರವಧನ ಕೈಸೇರಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಡೊಳ್ಳಿನವರಿಗಾದರೆ ದಸರೆಯ ದಿನಗಳನ್ನು ಬಿಡಬೇಕು, ನಾಟಕ ಕಂಪನಿಯವರಿಗಾದರೆ ಬಾದಾಮಿಯ ಬನಶಂಕರಿ ಜಾತ್ರೆಯಂಥ ದೊಡ್ಡ ಜಾತ್ರೆಗಳ ಹೊತ್ತನ್ನು ತಪ್ಪಿಸಬೇಕು. ನವೆಂಬರ್ ತಿಂಗಳು ಎಲ್ಲೆಡೆ ರಾಜ್ಯೋತ್ಸವದ ಸಂಭ್ರಮವಿರುವುದರಿಂದ ಹೊಸ ಪ್ರಶಸ್ತಿಯೊಂದು ಆ ಗದ್ದಲದಲ್ಲಿ ಕಾಣೆಯಾಗುತ್ತದೆ.

ಹಣದ ವಿಷಯಕ್ಕೆ ಬಂದರೆ, ಒಟ್ಟು ಖರ್ಚಿನ ಅರ್ಧದಷ್ಟಾದರೂ ಪ್ರಶಸ್ತಿ ಪಡೆಯುವವರ ಕೈಗೆ ಹೋಗಬೇಕೆಂಬುದು ನಾನು ಪಾಲಿಸಿಕೊಂಡು ಬಂದ ಅಳತೆ. 60,000 ರೂಪಾಯಿ ಕೂಡಿದ್ದರೆ 30,000 ರೂಪಾಯಿ ಹಮ್ಮಿಣಿಗೆ, ಅಂದರೆ ಪ್ರಶಸ್ತಿಯ ಜೊತೆ ಕೊಡುವ ಗೌರವಧನಕ್ಕೆ. ಪೆಂಡಾಲು, ಧ್ವನಿವರ್ಧಕ, ಊಟ, ಕರಪತ್ರ ಉಳಿದುದರಲ್ಲಿ ಮುಗಿಯಬೇಕು. ಗಾಜಿನ ದೊಡ್ಡ ಫಲಕ ಮನೆಯ ಕಪಾಟಿನ ಮೇಲೆ ಧೂಳು ಹಿಡಿಯುತ್ತದೆ, ಅದರ ಬೆಲೆಗೆ ಒಂದು ತಿಂಗಳ ಔಷಧ ಬರುತ್ತದೆ. ಉಡುಪಿಯಲ್ಲಿ 1975ರಲ್ಲಿ ಆರಂಭವಾದ ಯಕ್ಷಗಾನ ಕಲಾರಂಗವು ಕಲಾವಿದರಿಗೆ ಪ್ರಶಸ್ತಿ ನೀಡುವುದರ ಜೊತೆಗೆ ವಿದ್ಯಾಪೋಷಕ್ ಯೋಜನೆಯ ಮೂಲಕ ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗಿದೆ, ಇರಲು ನೆಲೆಯಿಲ್ಲದವರಿಗೆ ಮನೆಗಳನ್ನೂ ಕಟ್ಟಿಸಿಕೊಟ್ಟಿದೆ. ಸಣ್ಣ ಸಂಘಕ್ಕೆ ಅಷ್ಟು ಸಾಧ್ಯವಾಗದು, ಆದರೆ ಗೌರವವನ್ನೂ ಬದುಕಿನ ಅಗತ್ಯವನ್ನೂ ಒಟ್ಟಿಗೆ ನೋಡುವ ಆ ದೃಷ್ಟಿ ಯಾರಿಗಾದರೂ ಸಾಧ್ಯ.

ಚೆಕ್ ಬರೆಯುವ ಮೊದಲು ಪಾಸ್‌ಬುಕ್ ನೋಡಿ. ಇದು ಸಣ್ಣ ಮಾತೆನಿಸಬಹುದು, ಆದರೆ ನಮ್ಮ ಕಲಾವಿದರನ್ನು ಊರು ಕರೆಯುವ ಹೆಸರೇ ಬೇರೆ, ಬ್ಯಾಂಕಿನಲ್ಲಿರುವ ಹೆಸರೇ ಬೇರೆ. ಊರಿನ ಹೆಸರೋ ವೇಷದ ಹೆಸರೋ ಸೇರಿಕೊಂಡ ರಂಗದ ಹೆಸರಿಗೆ ಚೆಕ್ ಬರೆದು, ಅದು ಹಿಂದಿರುಗಿ, ಚೆಕ್ಕಿನ ಮೂರು ತಿಂಗಳ ಅವಧಿಯೂ ದಾಟಿ, ಆ ಹಿರಿಯರು ಎರಡು ಬಸ್ಸು ಹತ್ತಿ ಸಂಘದ ಕಾರ್ಯದರ್ಶಿಯ ಮನೆಗೆ ಬಂದದ್ದು ನನಗೆ ಗೊತ್ತು. ಖಾತೆಗೆ ನೇರವಾಗಿ ಜಮಾ ಮಾಡಿ, ವೇದಿಕೆಯಲ್ಲಿ ಲಕೋಟೆಯೊಳಗೆ ಅದರ ಪತ್ರವನ್ನು ಇಟ್ಟುಕೊಡುವುದು ಎಲ್ಲಕ್ಕಿಂತ ಸುರಕ್ಷಿತ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಸಂಘದ ಹೆಸರಿನಲ್ಲೇ ಖಾತೆ ತೆರೆದು, ಬಂದ ದೇಣಿಗೆಗೆಲ್ಲ ರಸೀದಿ ಹರಿದು, ಲೆಕ್ಕವನ್ನು ಮಹಾಸಭೆಯಲ್ಲಿ ಓದಬೇಕು.

ಈಗ ನನ್ನ ಪ್ರಕಾರ ಇಡೀ ಕಾರ್ಯಕ್ರಮದ ಜೀವವಾದ ಬಿನ್ನವತ್ತಳೆಯ, ಅಂದರೆ ಸಭೆಯಲ್ಲಿ ಓದಿ ಕೊಡುವ ಸನ್ಮಾನ ಪತ್ರದ ವಿಷಯ. ಬಹುತೇಕ ಸನ್ಮಾನ ಪತ್ರಗಳನ್ನು ಹೆಸರು ಬದಲಿಸಿ ಯಾರಿಗೆ ಬೇಕಾದರೂ ಕೊಡಬಹುದು. ‘ಕಲಾ ಸರಸ್ವತಿಯ ವರಪುತ್ರರಾದ ತಾವು ಬಹುಮುಖ ಪ್ರತಿಭೆಯಿಂದ ನಾಡಿಗೆ ಕೀರ್ತಿ ತಂದಿರುವಿರಿ’ ಎಂಬ ಸಾಲು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ತಾವು ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಲಗೋಪಾಲ ವೇಷದಿಂದ ಆರಂಭಿಸಿ, ಇಪ್ಪತ್ತೆಂಟು ತಿರುಗಾಟಗಳಲ್ಲಿ ಸ್ತ್ರೀವೇಷ ಮಾಡಿದ್ದೀರಿ. ದಮಯಂತಿಯ ಪಾತ್ರದಲ್ಲಿ ಅಳುವನ್ನು ಕೂಗಾಗಿಸದೆ ಮಾತಿನ ನಡುವಿನ ಮೌನದಲ್ಲಿ ತೋರಿಸಿದ್ದು ನಮಗೆ ನೆನಪಿದೆ. ನಮ್ಮೂರಿನ ಆರು ಮಕ್ಕಳಿಗೆ ಹೆಜ್ಜೆ ಕಲಿಸಿದ್ದೀರಿ.’ ಇದನ್ನು ಕೇಳಿದಾಗ ಸಭೆಯಲ್ಲಿ ಕೂತ ಹಳಬರು ತಲೆದೂಗುತ್ತಾರೆ, ಕಲಾವಿದರಿಗೆ ತಮ್ಮನ್ನು ನಿಜವಾಗಿ ನೋಡಿದ್ದಾರೆಂಬ ನಂಬಿಕೆ ಬರುತ್ತದೆ. ಇಂಥ ಪತ್ರ ಬರೆಯಲು ಒಂದು ಸಂಜೆ ಅವರೆದುರು, ಇನ್ನೊಂದು ಸಂಜೆ ಅವರ ಜೊತೆಯಲ್ಲಿ ದುಡಿದ ಒಬ್ಬರೆದುರು ಕೂರಬೇಕು. ಬರೆದುದನ್ನು ಮನೆಯವರಿಗೆ ಓದಿ ಹೇಳಿ, ಇಸವಿಗಳನ್ನು, ಗುರುಗಳ ಹೆಸರನ್ನು ಸರಿಪಡಿಸಿಕೊಂಡ ಮೇಲೆ ಅಚ್ಚಿಗೆ ಕೊಡಿ. ಒಂದು ಪುಟ ದಾಟಬೇಡಿ.

ಈ ಪತ್ರಕ್ಕೆ ಇನ್ನೊಂದು ಉಪಯೋಗವಿದೆ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಗೆ ಪುರಾವೆ ಬೇಕಾಗುತ್ತದೆ. ಜೀವಮಾನವಿಡೀ ಕುಣಿದವರ ಬಳಿ ಒಂದು ಕಾಗದವೂ ಇರುವುದಿಲ್ಲ, ಇದ್ದರೂ ಮಳೆಗೆ ನೆನೆದು ಅಕ್ಷರ ಅಳಿಸಿರುತ್ತದೆ. ಆದ್ದರಿಂದ ಅಲಂಕಾರದ ಬಿನ್ನವತ್ತಳೆಯ ಜೊತೆಗೆ, ಸಂಘದ ಹೆಸರಿರುವ ಕಾಗದದಲ್ಲಿ ಆಧಾರ್‌ನಲ್ಲಿರುವ ಹೆಸರು, ರಂಗದ ಹೆಸರು, ಕಲಾಪ್ರಕಾರ, ಸೇವೆಯ ವರ್ಷಗಳು, ದಿನಾಂಕ, ಸಹಿ, ಮೊಹರು ಇವೆಲ್ಲ ಇರುವ ಪ್ರಮಾಣಪತ್ರದ ಮೂರು ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ.

ಕಾರ್ಯಕ್ರಮದ ದಿನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಲಾವಿದರನ್ನು ಕರೆತರಲು ವಾಹನ ಕಳುಹಿಸಿ, ಹೇಳಿದ ಹೊತ್ತಿಗೆ ಆರಂಭಿಸಿ, ಭಾಷಣಗಳಿಗಿಂತ ಮೊದಲೇ ಪ್ರಶಸ್ತಿ ಪ್ರದಾನ ಮುಗಿಸಿ. ಅತಿಥಿ ಬರಲಿಲ್ಲವೆಂದು ಎಂಬತ್ತರ ಹಿರಿಯರನ್ನು ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯಿಸುವ ಬದಲು ಊರಿನ ಹಿರಿಯರೊಬ್ಬರಿಂದಲೇ ಪ್ರದಾನ ಮಾಡಿಸಬಹುದು. ಬಿನ್ನವತ್ತಳೆಯನ್ನು ಚೆನ್ನಾಗಿ ಓದಬಲ್ಲವರಿಂದ ಪೂರ್ತಿ ಓದಿಸಿ. ಸಮಯವಿಲ್ಲವೆಂದು ಅದನ್ನೇ ಬಿಟ್ಟುಬಿಡುವ ಸಭೆಗಳು ಬೇಕಾದಷ್ಟಿವೆ. ಬಳಿಕ ಕಲಾವಿದರಿಗೆ ತಮ್ಮ ರೀತಿಯಲ್ಲಿ ಉತ್ತರಿಸಲು ಅವಕಾಶವಿರಲಿ, ಅದು ಮಾತಾಗಿರಬೇಕೆಂದೇನೂ ಇಲ್ಲ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ನೋಡಿದವರು ಮರೆತಿಲ್ಲ. ನಿಮ್ಮ ವೇದಿಕೆಯಲ್ಲಿ ಭಾಗವತರು ಒಂದು ಪದ್ಯ ಹೇಳಲಿ, ಚೆಂಡೆಯವರು ಐದು ನಿಮಿಷ ನುಡಿಸಲಿ, ಬೇಡವೆಂದರೆ ಸುಮ್ಮನೆ ಕೈಮುಗಿದು ಕೂರಲಿ.

ಮುಗಿದ ವಾರದೊಳಗೆ ಫೋಟೋಗಳ ಅಚ್ಚುಪ್ರತಿ ಮನೆಗೆ ತಲುಪಬೇಕು. ಪತ್ರಿಕೆಯಲ್ಲಿ ಬಂದ ವರದಿಯ ತುಣುಕನ್ನೂ ಜೊತೆಗಿಡಿ. ತಿಂಗಳೊಳಗೆ ಒಬ್ಬರು ಹೋಗಿ ಮೊಬೈಲಿನಲ್ಲೇ ಆದರೂ ಒಂದು ಗಂಟೆಯ ಮಾತುಕತೆಯನ್ನು, ಅವರ ಬಾಯಲ್ಲಿ ಮಾತ್ರ ಉಳಿದಿರುವ ಹಾಡುಗಳನ್ನು ಅವರ ಅನುಮತಿ ಪಡೆದು ದಾಖಲಿಸಿ, ಒಂದು ಪ್ರತಿ ಅವರ ಮಕ್ಕಳಿಗೂ ಇನ್ನೊಂದು ಪ್ರತಿ ಊರಿನ ಶಾಲೆಗೂ ಕೊಡಿ. ಮಾಸಾಶನದ ಅರ್ಜಿ ಬಾಕಿಯಿದ್ದರೆ ಅದೇ ಭೇಟಿಯಲ್ಲಿ ಕೂತು ತುಂಬಿಸಿ. ಮುಂದಿನ ವರ್ಷದ ಆಯ್ಕೆ ಸಮಿತಿಯಲ್ಲಿ ಅವರಿಗೊಂದು ಸ್ಥಾನ ಕಾದಿರಿಸಿ; ತಮ್ಮ ಹಾಗೆಯೇ ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿರುವ ಇನ್ನೊಬ್ಬರ ಮನೆ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.