ಕಡಲಿನ ಬಣ್ಣ ಕೆಟ್ಟಾಗ ಮರುವಾಯಿ ತಿನ್ನಬಹುದಾ?

ಮೂಲ್ಕಿಯ ಅಳಿವೆಯಲ್ಲಿ ಮರುವಾಯಿ (ತಿನ್ನುವ ಚಿಪ್ಪುಮೀನು) ಹೆಕ್ಕುತ್ತಾ ಬೆಳೆದವಳು ನಾನು. ಮರುವಾಯಿ ಪುಂಡಿ (ಅಕ್ಕಿ ಉಂಡೆ ಹಾಕಿದ ಮರುವಾಯಿ ಪದಾರ್ಥ) ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಜೀವ. ಆದರೂ ಕೆಲವು ವಾರ ಅದನ್ನು ಒಲೆಗೆ ಇಡುವುದೇ ಇಲ್ಲ. ಯಾವಾಗ, ಯಾಕೆ ಅಂತ ಹೇಳುತ್ತೇನೆ.

ಹೆಕ್ಕುವ ಮೊದಲು ನೀರು ನೋಡಿ. ಕೆಂಪು, ಕಂದು ಅಥವಾ ದಟ್ಟ ಹಸಿರು ಪಟ್ಟಿ ಕಂಡರೆ ಬುಟ್ಟಿ ತೆಗೆದುಕೊಂಡು ವಾಪಸ್ ಬನ್ನಿ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಒಮ್ಮೆಲೇ ಲೆಕ್ಕವಿಲ್ಲದಷ್ಟು ಬೆಳೆದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆ ನೀರು ಮೇಲೆ ಬರುತ್ತದೆ. ಅದರ ಜೊತೆ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಬರುತ್ತವೆ. ಹೊಳೆಗಳು ಗದ್ದೆಯ ಗೊಬ್ಬರವನ್ನೂ ಪೇಟೆಯ ಕೊಳಚೆಯನ್ನೂ ತಂದು ಸುರಿಯುತ್ತವೆ. ಮಳೆ ಬಿಟ್ಟು ಬಿಸಿಲು ಬಂದರೆ ಪಾಚಿಗೆ ಅಷ್ಟೇ ಸಾಕು. ಆಳದ ನೀರನ್ನು ಯಾರೂ ತಡೆಯಲಾರರು. ಕೊಳಚೆಯನ್ನು ತಡೆಯಬಹುದು, ತಡೆಯಲೇಬೇಕು.

ಎಲ್ಲ ಪಾಚಿಯೂ ವಿಷವಲ್ಲ. 2020ರ ನವೆಂಬರ್‌ನಲ್ಲಿ ನಮ್ಮ ಕಡಲು ರಾತ್ರಿ ನೀಲಿಯಾಗಿ ಹೊಳೆದದ್ದು ನೆನಪಿದೆ ಅಲ್ವಾ? ಅದು ನಾಕ್ಟಿಲೂಕಾ ಅನ್ನುವ, ಬೆಳಕು ಸೂಸುವ ಸೂಕ್ಷ್ಮಜೀವಿ. ಅದು ದಟ್ಟವಾಗಿ ಬೆಳೆದು ಸತ್ತರೆ ನೀರಿನಲ್ಲಿ ಆಮ್ಲಜನಕ ಇಳಿದು ಮೀನು ಸಾಯಬಹುದು. ಹಾಗೆ ದಡಕ್ಕೆ ಬಂದು ಬಿದ್ದ ಮೀನು ಹೆಕ್ಕಬೇಡಿ.

ನಿಜವಾದ ಭಯ ಸ್ಯಾಕ್ಸಿಟಾಕ್ಸಿನ್ ಅನ್ನುವ ನರಗಳ ವಿಷ ಮಾಡುವ ಪಾಚಿಗಳದ್ದು. ಮರುವಾಯಿ, ಪಚ್ಚಿಲೆ (ಬಂಡೆಗೆ ಅಂಟುವ ಚಿಪ್ಪುಮೀನು) ನೀರು ಸೋಸಿ ತಿನ್ನುತ್ತವೆ. ವಿಷ ಅವುಗಳ ಮಾಂಸದಲ್ಲಿ ಸೇರುತ್ತಾ ಹೋಗುತ್ತದೆ, ಅವು ಮಾತ್ರ ಆರಾಮಾಗಿರುತ್ತವೆ. ಹಾಗಾಗಿ ತಾಜಾ ಇದೆ, ವಾಸನೆ ಇಲ್ಲ, ಬೇಯಿಸಿದಾಗ ಬಾಯಿ ಬಿಟ್ಟಿದೆ ಅಂತ ನಂಬಬೇಡಿ. ರಾತ್ರಿಯಿಡೀ ನೀರಿನಲ್ಲಿ ಹಾಕಿಟ್ಟರೆ ಹೊಯಿಗೆ (ಮರಳು) ಹೋಗುತ್ತದೆ, ವಿಷ ಹೋಗುವುದಿಲ್ಲ. ಎಷ್ಟು ಕುದಿಸಿದರೂ, ಹುಳಿ ಹಾಕಿದರೂ ಅಷ್ಟೇ. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ಜಾತಿಯ ಚಿಪ್ಪು ತಿಂದು 7 ಜನ ಸತ್ತರು. ಅವರ ಮನೆಗಳಲ್ಲೂ ಚೆನ್ನಾಗಿ ಬೇಯಿಸಿಯೇ ತಿಂದಿರುತ್ತಾರೆ.

ನೀರು ತಿಳಿಯಾದ ಮೇಲೂ ಕೆಲವು ವಾರ ಬಿಡಿ. ಈ ವಿಷದ ಪಾಚಿ ಕಡಿಮೆ ಇದ್ದಾಗ ನೀರಿನ ಬಣ್ಣ ಬದಲಾಗದೇ ಇರಬಹುದು, ಆದ್ದರಿಂದ ಕಣ್ಣನ್ನೊಂದೇ ನೆಚ್ಚಬೇಡಿ. ಮಾರುವ ಅಕ್ಕನ ಹತ್ತಿರ ಎಲ್ಲಿ, ಯಾವತ್ತು ಹೆಕ್ಕಿದ್ದು ಅಂತ ಕೇಳಿ. ದೋಣಿಯವರನ್ನು ವಿಚಾರಿಸಿ, ಬಣ್ಣದ ಪಟ್ಟಿ ಮೊದಲು ಕಾಣುವುದು ಅವರಿಗೇ. ಹೈದರಾಬಾದಿನ ಇನ್‌ಕಾಯ್ಸ್ ಅನ್ನುವ, ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಉಪಗ್ರಹದಿಂದ ನೋಡಿ ಪಾಚಿಯ ಮಾಹಿತಿ ಕೊಡುತ್ತದೆ.

ತಿಂದ ಮೇಲೆ ತುಟಿ, ನಾಲಿಗೆ, ಬೆರಳ ತುದಿ ಜುಮ್ ಅಂದರೆ ಸುಮ್ನೆ ಕೂರಬೇಡಿ. ಮಜ್ಜಿಗೆ, ಕಷಾಯ ಅಂತ ಹೊತ್ತು ಕಳೆಯಬೇಡಿ. ಮುಂದೆ ಉಸಿರಾಟದ ಸ್ನಾಯುಗಳೇ ನಿಲ್ಲಬಹುದು. ಇದಕ್ಕೆ ಮದ್ದಿಲ್ಲ. ಆದರೆ ವಿಷ ಇಳಿಯುವ ತನಕ ಯಂತ್ರದಿಂದ ಉಸಿರು ಕೊಟ್ಟರೆ ಜೀವ ಉಳಿಯಬಹುದು. ಆದ್ದರಿಂದ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ. ಮರುವಾಯಿ ತಿಂದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಜೊತೆಗೆ ತಿಂದವರನ್ನೂ ಕರೆದುಕೊಂಡು ಹೋಗಿ. ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲದೆ ಡಬ್ಬಿಗೆ ಹಾಕಿ ಒಯ್ಯಿರಿ, ಪರೀಕ್ಷೆಗೆ ಬೇಕಾಗುತ್ತದೆ.