ಆಂಟಿಬಯಾಟಿಕ್ ಆದ ಮೇಲೆ ಮತ್ತೆ ಮತ್ತೆ ಭೇದಿಯೇ? ಪ್ರೋಬಯಾಟಿಕ್ ಬಳಸುವ ಮುನ್ನ ಓದಿ

ಮೊದಲು ಮಲ ಪರೀಕ್ಷೆ ಮಾಡಿಸಿ. ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಆ ಖಾಲಿ ಜಾಗದಲ್ಲಿ ಸಿ. ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಣಗಳು (ಗಟ್ಟಿ ಕವಚದೊಳಗೆ ಸುಮ್ಮನೆ ಉಳಿಯುವ ರೂಪ) ಔಷಧಿಗೂ ಸಾಯದೆ ಉಳಿಯುತ್ತವೆ, ಹಾಗಾಗಿ ವಾಸಿಯಾಯ್ತು ಅಂದುಕೊಂಡ ಕೆಲವೇ ವಾರಗಳಲ್ಲಿ ಕಾಯಿಲೆ ಮರಳಬಹುದು.

ಹೀಗಾದಾಗ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ನುಂಗುವ ಜೀವಂತ ಸೂಕ್ಷ್ಮಜೀವಿಗಳು) ಒಂದನ್ನೇ ನಂಬಬೇಡಿ. ಡಾಕ್ಟರ್ ಬರೆದ ಔಷಧಿಯೇ ಮುಖ್ಯ, ಇದು ಜೊತೆಗೆ ಮಾತ್ರ, ಅದೂ ಅವರನ್ನು ಕೇಳಿಯೇ. ಲ್ಯಾಕ್ಟೋಬ್ಯಾಸಿಲಸ್ ಕ್ಯಾಪ್ಸೂಲ್ ಆದರೆ ಆಂಟಿಬಯಾಟಿಕ್‌ಗೂ ಅದಕ್ಕೂ ಕನಿಷ್ಠ 2 ಗಂಟೆ ಅಂತರ ಇಡಿ, ಇಲ್ಲದಿದ್ದರೆ ನುಂಗಿದ್ದು ಸುಮ್ನೆ ಸಾಯುತ್ತದೆ. ಇನ್ನೊಂದು ಪ್ರೋಬಯಾಟಿಕ್ ಆದ ಸ್ಯಾಕರೋಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್ (ಒಂದು ಬಗೆಯ ಫಂಗಸ್). ಆಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ, ಆದರೆ ಫಂಗಸ್ ಔಷಧಿ ಕೊಲ್ಲುತ್ತದೆ. ಮನೆಯ ಮೊಸರು ಊಟಕ್ಕೆ ಒಳ್ಳೆಯದೇ, ಆದರೆ ಅದರಲ್ಲಿ ಯಾವ ತಳಿ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ ಅಲ್ವಾ, ಆದ್ದರಿಂದ ಅದನ್ನು ಔಷಧಿ ಅನ್ನಲಾಗದು.

ಕೀಮೋ ನಡೆಯುತ್ತಿರುವವರು, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರು, ದೊಡ್ಡ ರಕ್ತನಾಳಕ್ಕೆ ಟ್ಯೂಬ್ ಹಾಕಿಸಿಕೊಂಡವರು ದಯವಿಟ್ಟು ಪ್ರೋಬಯಾಟಿಕ್‌ಗಳನ್ನು ತಾವಾಗಿಯೇ ತಗೊಳ್ಳಬೇಡಿ. ಈ ಜೀವಿಗಳು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ.

ಪದೇ ಪದೇ ಬರುತ್ತಿದ್ದರೆ ಮಲ ಕಸಿ (ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ) ಬಗ್ಗೆ ಗ್ಯಾಸ್ಟ್ರೋ ಡಾಕ್ಟರನ್ನು ಕೇಳಿ. ಆರೋಗ್ಯವಂತ ದಾನಿಯ ಮಲದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಬೀಜಕಣಗಳ ಕ್ಯಾಪ್ಸೂಲ್‌ಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಆಂಟಿಬಯಾಟಿಕ್ ಮುಗಿದ ಮೇಲೆ ದಿನಕ್ಕೆ 4ರಂತೆ 3 ದಿನ ನುಂಗಬೇಕು.

ಕೈ ತೊಳೆಯಲು ಸೋಪು, ನೀರೇ ಬೇಕು. ಸ್ಯಾನಿಟೈಸರ್‌ಗೆ ಈ ಬೀಜಕಣಗಳು ಸಾಯುವುದಿಲ್ಲ. ರಕ್ತ, ಜ್ವರ, ಹೊಟ್ಟೆ ಉಬ್ಬರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.